ಬಿಪಿ ನಂಬರ್‌ಗಿಂತ ಮೊದಲು ನಾನು ನೋಡುವುದು

ವಾರ್ಡಿಗೆ ಹೊಸದಾಗಿ ಬಂದ ನರ್ಸಿಂಗ್ ಹುಡುಗಿಯರು ಕಫ್ ಕಟ್ಟಿ, ಗುಂಡಿ ಒತ್ತಿ, 120/80 ಅಂತ ಬರೆದು, "ನಾರ್ಮಲ್ ಇದೆ ಸಿಸ್ಟರ್" ಅನ್ನುತ್ತಾರೆ. ನಾನು ಕೇಳುವುದೇ ಬೇರೆ. ನಾಡಿ ಎಷ್ಟಿದೆ? ಹೋದ ಗಂಟೆಯಲ್ಲಿ ಮೂತ್ರ ಎಷ್ಟು ಬಂತು? ಕೈಕಾಲು ಮುಟ್ಟಿ ನೋಡಿದೆಯಾ? ದೇಹ ಬಿಪಿಯನ್ನು ಹಟ ಹಿಡಿದು ಕಾಯುತ್ತದೆ, ಅದಕ್ಕೆ ಈ ಪ್ರಶ್ನೆಗಳು. ವಯಸ್ಕರಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ, ಅದರಲ್ಲಿ ಐದನೇ ಒಂದು ಪಾಲು ಹೋದರೂ ಮಲಗಿರುವ ಮನುಷ್ಯನ ಮೇಲಿನ ಬಿಪಿ (120/80ರಲ್ಲಿ 120 ಅನ್ನುವುದು) ಏನೂ ಆಗಿಲ್ಲ ಅನ್ನುವ ಹಾಗೇ ಇರಬಹುದು. ಅಷ್ಟರಲ್ಲಿ ನಾಡಿ ಓಡುತ್ತಿರುತ್ತದೆ, ಅಂಗೈ ತಣ್ಣಗಾಗಿರುತ್ತದೆ.

ಕುತ್ತಿಗೆಯ ದೊಡ್ಡ ರಕ್ತನಾಳದಲ್ಲಿ, ಮತ್ತೆ ಹೃದಯದಿಂದ ಹೊರಟ ಮಹಾಧಮನಿಯ ಬಾಗಿನಲ್ಲಿ, ಒತ್ತಡ ಅಳೆಯುವ ನರದ ತುದಿಗಳಿವೆ. ಒತ್ತಡ ಸ್ವಲ್ಪ ಇಳಿದರೂ ಅವು ಮೆದುಳಿನ ಬುಡಕ್ಕೆ ಸುದ್ದಿ ಮುಟ್ಟಿಸುತ್ತವೆ. ಒಂದೆರಡು ಬಡಿತದೊಳಗೆ ಹೃದಯ ವೇಗ ಹಿಡಿಯುತ್ತದೆ, ಚರ್ಮದ ಮತ್ತು ಕರುಳಿನ ರಕ್ತನಾಳಗಳು ಬಿಗಿಯುತ್ತವೆ. ಕೈ ತಣ್ಣಗಾಗುವುದು ಇದರಿಂದಲೇ.

ಈ ವ್ಯವಸ್ಥೆ ಸರಿ ಇದೆಯಾ ಅಂತ ನೋಡಲು ನಾನು ಮಾಡುವುದು ಸುಲಭದ ಪರೀಕ್ಷೆ. ರೋಗಿಯನ್ನು 5 ನಿಮಿಷ ಸುಮ್ನೆ ಮಲಗಿಸಿ ಬಿಪಿ, ನಾಡಿ ಎರಡೂ ಬರೆದುಕೊಳ್ಳುತ್ತೇನೆ. ಆಮೇಲೆ ನಿಲ್ಲಿಸಿ, 1 ನಿಮಿಷ ಆದಾಗ ಒಮ್ಮೆ, 3 ನಿಮಿಷ ಆದಾಗ ಇನ್ನೊಮ್ಮೆ. ಪಕ್ಕದಲ್ಲೇ ಕುರ್ಚಿ ಇಟ್ಟುಕೊಂಡಿರಬೇಕು, ತಲೆ ತಿರುಗಿದರೆ ಕೂರಿಸಲಿಕ್ಕೆ. ನಿಂತ ತಕ್ಷಣ ಅರ್ಧ ಲೀಟರಿಗೂ ಹೆಚ್ಚು ರಕ್ತ ಕಾಲು ಮತ್ತು ಹೊಟ್ಟೆಯ ಕಡೆ ಇಳಿಯುತ್ತದೆ. ಮೇಲಿನ ಬಿಪಿ 20 ಅಥವಾ ಕೆಳಗಿನದು 10 ಬಿದ್ದರೆ ಡಾಕ್ಟರಿಗೆ ಹೇಳುತ್ತೇನೆ. ಬಿಪಿ ಬಿದ್ದಾಗ ನಾಡಿ ಚೆನ್ನಾಗಿ ಏರಿದರೆ ನೀರೋ ರಕ್ತವೋ ಕಡಿಮೆಯಾಗಿರುವ ಸಾಧ್ಯತೆ ಜಾಸ್ತಿ. ನಾಡಿ ಅಲ್ಲಾಡಲೇ ಇಲ್ಲ ಅಂದರೆ ನರದ ತೊಂದರೆ ಇರಬಹುದು, ಉದಾಹರಣೆಗೆ ಹಳೆಯ ಸಕ್ಕರೆ ಕಾಯಿಲೆ. ಇಲ್ಲವೇ ಮೆಟೊಪ್ರೊಲಾಲ್ ತರಹದ ಮಾತ್ರೆ ನಾಡಿಯನ್ನು ಹಿಡಿದಿಟ್ಟಿರಬಹುದು. ಅದಕ್ಕೇ ಮಾತ್ರೆ ಚೀಟಿ ನೋಡದೆ ನಾಡಿಯನ್ನು ನಂಬಬೇಡಿ ಅಂತ ಹೇಳುವುದು.

ನರ ಮಾಡುವುದು ಆ ಹೊತ್ತಿನ ಕೆಲಸ. ದಿನಗಟ್ಟಲೆ ಬಿಪಿ ನಿಲ್ಲಿಸುವುದು ಕಿಡ್ನಿ. 1898ರಲ್ಲಿ ಟಿಗರ್‌ಸ್ಟೆಡ್ ಮತ್ತು ಬರ್ಗ್‌ಮನ್ ಎಂಬಿಬ್ಬರು ಮೊಲದ ಕಿಡ್ನಿಯಿಂದ ರಸ ತೆಗೆದು ಬೇರೆ ಮೊಲಕ್ಕೆ ಚುಚ್ಚಿದಾಗ ಅದರ ಬಿಪಿ ಏರಿತು. ಆ ವಸ್ತುವಿಗೆ ರೆನಿನ್ ಅಂತ ಹೆಸರಿಟ್ಟರು. ಕಿಡ್ನಿಗೆ ಬರುವ ರಕ್ತದ ಒತ್ತಡ ಇಳಿದರೆ ರೆನಿನ್ ಹೊರಬರುತ್ತದೆ, ಅದರಿಂದ ಹಂತ ಹಂತವಾಗಿ ಆಂಜಿಯೋಟೆನ್ಸಿನ್-2 ಎಂಬ ವಸ್ತು ತಯಾರಾಗುತ್ತದೆ, ಅದು ರಕ್ತನಾಳ ಬಿಗಿಯುತ್ತದೆ, ಜೊತೆಗೆ ಆಲ್ಡೋಸ್ಟೆರಾನ್ ಎಂಬ ಹಾರ್ಮೋನ್ ಬಿಡಿಸಿ ಉಪ್ಪನ್ನು ಉಳಿಸಿಕೊಳ್ಳುತ್ತದೆ. ಉಪ್ಪು ಉಳಿದಲ್ಲಿ ನೀರೂ ಉಳಿಯುತ್ತದೆ. ಬಿಪಿಗೆ ಕೊಡುವ ರಾಮಿಪ್ರಿಲ್, ಟೆಲ್ಮಿಸಾರ್ಟಾನ್ ಮಾತ್ರೆಗಳು ಈ ಸರಪಳಿಯನ್ನೇ ಕತ್ತರಿಸುವುದು. (ರಾಮಿಪ್ರಿಲ್ ತಗೊಂಡವರಿಗೆ ಒಣ ಕೆಮ್ಮು ಬಂದರೆ ನೆಗಡಿ ಅಂತ ಸಿರಪ್ ಕುಡಿಯುತ್ತಾ ಕೂರಬೇಡಿ, ಡಾಕ್ಟರಿಗೆ ಹೇಳಿ.) ವಾಂತಿ ಭೇದಿ ಶುರುವಾದ ದಿನ ಈ ಮಾತ್ರೆ ಮುಂದುವರಿಸಬೇಕಾ ಅಂತಲೂ ಕೇಳಲೇಬೇಕು. ದೇಹ ನೀರು ಉಳಿಸಲು ಒದ್ದಾಡುತ್ತಿರುವಾಗ ಅದರ ಕೈ ಕಟ್ಟಿದಂತಾಗುತ್ತದೆ ಅಲ್ವಾ.

ನೀರಿಗೆ ಇನ್ನೊಂದು ಕಾವಲು ಇದೆ, ಎಡಿಎಚ್ ಅನ್ನುವ ಹಾರ್ಮೋನ್, ಮೂತ್ರದಲ್ಲಿ ನೀರು ಹೋಗದಂತೆ ಕಿಡ್ನಿಗೆ ಹೇಳುವುದು. ನೀರು ಕಡಿಮೆಯಾಗಿ ರಕ್ತ 1-2 ಪರ್ಸೆಂಟ್ ಗಟ್ಟಿಯಾದರೂ ಮೆದುಳು ಇದನ್ನು ಹೆಚ್ಚು ಬಿಡುತ್ತದೆ, ಬಾಯಾರಿಕೆಯೂ ಆಗುತ್ತದೆ. ಕಿಡ್ನಿ ದಿನಕ್ಕೆ ಸುಮಾರು 180 ಲೀಟರ್ ಸೋಸಿ ಹೊರಗೆ ಕಳಿಸುವುದು ಒಂದೆರಡು ಲೀಟರ್ ಮಾತ್ರ. ಹಾಗಾಗಿ ಮೂತ್ರದ ನಳಿಕೆಗೆ ಕಟ್ಟಿದ ಚೀಲವೇ ನನಗೆ ಮೀಟರ್. ಗಂಟೆಗೊಮ್ಮೆ ಬಗ್ಗಿ, ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು ಓದುತ್ತೇನೆ. ನಿಂತಲ್ಲಿಂದಲೇ ಓದಿದರೆ ಲೆಕ್ಕ ತಪ್ಪುತ್ತದೆ. 60 ಕೆಜಿ ತೂಕದವರಿಗೆ ಗಂಟೆಗೆ 30 ಎಂಎಲ್‌ಗಿಂತ ಕಡಿಮೆ ಬರುತ್ತಾ ಹೋದರೆ, ಬಿಪಿ ಎಷ್ಟೇ ಇರಲಿ, ನಾನು ಫೋನ್ ಮಾಡುತ್ತೇನೆ. ತೂಕ ಕೂಡ ಬಿಡುವುದಿಲ್ಲ. ಬೆಳಿಗ್ಗೆ ಮೂತ್ರ ಆದ ಮೇಲೆ, ತಿನ್ನುವ ಮೊದಲು, ಅದೇ ತೂಕದ ಯಂತ್ರದಲ್ಲಿ. ರಾತ್ರೋರಾತ್ರಿ 1 ಕೆಜಿ ಏರಿದರೆ ಅದು ಕೊಬ್ಬಲ್ಲ, ಹೆಚ್ಚುಕಡಿಮೆ 1 ಲೀಟರ್ ನೀರು.

ಸೋಂಕು ಬಂದಾಗ ಮಾತ್ರ ಈ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ರಕ್ಷಣಾ ಕಣಗಳು ಸೋಂಕಿನ ಜಾಗಕ್ಕೆ ಹೋಗಬೇಕಾದರೆ ಅಲ್ಲಿಯ ರಕ್ತನಾಳ ಅಗಲವಾಗಬೇಕು, ಗೋಡೆ ಸ್ವಲ್ಪ ಸಡಿಲವಾಗಬೇಕು. ಗಾಯದ ಸುತ್ತ ಕೆಂಪಾಗಿ, ಬಿಸಿಯಾಗಿ, ಊದಿಕೊಳ್ಳುವುದು ಇದರಿಂದ. ಬೆರಳಿನಲ್ಲಿ ಆದರೆ ಒಳ್ಳೆಯದೇ. ಇದೇ ಮೈತುಂಬಾ ಆದರೆ ಸೆಪ್ಸಿಸ್‌ನ ದಾರಿ. ನಾಳಗಳೆಲ್ಲ ಅಗಲವಾದಾಗ ಇದ್ದ ರಕ್ತ ಸಾಲುವುದಿಲ್ಲ, ಅದರಲ್ಲಿದ್ದ ನೀರೂ ಹೊರಗೆ ಸೋರುತ್ತದೆ.

ಮನೆಯವರು ಕೇಳುತ್ತಾರೆ, "ಸಿಸ್ಟರ್, ಮೈಯೆಲ್ಲಾ ಊದಿದೆ, ಮತ್ತೆ ಯಾಕೆ ಡ್ರಿಪ್ ಹಾಕ್ತೀರಿ?" ನ್ಯಾಯವಾದ ಪ್ರಶ್ನೆ. ಮೊಣಕಾಲ ಕೆಳಗಿನ ಮೂಳೆಯ ಮೇಲೆ ಹೆಬ್ಬೆರಳು ಒತ್ತಿ ತೆಗೆದರೆ ಗುಳಿ ಹಾಗೇ ಉಳಿಯುತ್ತದೆ, ಅದನ್ನು ಅವರಿಗೇ ತೋರಿಸುತ್ತೇನೆ. ನೀರು ಇಲ್ಲಿದೆ, ರಕ್ತನಾಳದೊಳಗೆ ಇಲ್ಲ ಅನ್ನುತ್ತೇನೆ. ಹಾಗಂತ ಡ್ರಿಪ್ ಸುರಿಯುತ್ತಲೇ ಹೋದರೆ ಶ್ವಾಸಕೋಶಕ್ಕೂ ನೀರು ಇಳಿಯುತ್ತದೆ. ಒಂದು ಮಟ್ಟದ ನಂತರ ರಕ್ತನಾಳ ಬಿಗಿಯುವ ನಾರ್‌ಅಡ್ರಿನಲಿನ್ ಬೇಕಾಗುತ್ತದೆ, ಸರಾಸರಿ ಒತ್ತಡ (ಮೇಲಿನ, ಕೆಳಗಿನ ಬಿಪಿ ಎರಡರಿಂದ ಲೆಕ್ಕ ಹಾಕುವುದು) 65 ದಾಟಿಸುವುದು ಮೊದಲ ಗುರಿ. ಈ ಸಮಯದಲ್ಲಿ ನನ್ನ ಕೆಲಸ ಬೆರಳ ತುದಿಯನ್ನು 5 ಸೆಕೆಂಡ್ ಒತ್ತಿ ಬಿಟ್ಟು, ಬಿಳಿಚಿದ ಚರ್ಮಕ್ಕೆ ಬಣ್ಣ ಬರಲು ಎಷ್ಟು ಹೊತ್ತು ಬೇಕು ಅಂತ ಎಣಿಸುವುದು. 3 ಸೆಕೆಂಡ್ ದಾಟಿದರೆ, ಮಾನಿಟರ್ ಮೇಲಿನ ಅಂಕಿ ಚೆನ್ನಾಗಿದ್ದರೂ ನನಗೆ ಸಮಾಧಾನ ಇಲ್ಲ.

ಸೋಂಕು ಹತೋಟಿಗೆ ಬಂದ ಮೇಲೆ ಸೋರಿದ ನೀರು ವಾಪಸ್ ರಕ್ತಕ್ಕೆ ಬರುತ್ತದೆ. ಕಿಡ್ನಿ ಚೆನ್ನಾಗಿದ್ದರೆ ಚೀಲ ತುಂಬಿ ತುಂಬಿ ಬರುತ್ತದೆ, ತೂಕ ದಿನದಿನಕ್ಕೆ ಇಳಿಯುತ್ತದೆ. ಆಗ ಮೂತ್ರದ ಜೊತೆ ಪೊಟ್ಯಾಸಿಯಂ ಕೂಡ ಹೋಗುತ್ತದೆ, ಹಾಗಾಗಿ ಆ ದಿನಗಳಲ್ಲಿ ರಕ್ತಪರೀಕ್ಷೆಯ ಚೀಟಿ ಬಂದ ತಕ್ಷಣ ಮೊದಲು ಓದುವುದು ಆ ಒಂದು ಸಾಲನ್ನು.