ಹೆಸರು ಬಿಟ್ಟು ಊಟದ ಗಂಟೆ ಹಿಡಿದೆ

ಬ್ರೂಕ್ಲಿನ್‌ನಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿಯ ತಾತ, ಅಂದರೆ ತಾಯಿಯ ತಂದೆ, ನ್ಯೂಯಾರ್ಕಿನ ಅಗ್ನಿಶಾಮಕ ದಳದಲ್ಲಿದ್ದವನು. ಅವನದೆಂದು ಉಳಿದದ್ದು ಒಂದು ಫೋಟೋ ಮತ್ತು ಬೀದಿಗಿಬ್ಬರಿದ್ದಂಥ ಐರಿಷ್ ಹೆಸರು. ವಂಶಾವಳಿ ಹುಡುಕುವ ಗೆಳೆಯರೆಲ್ಲ ‘ಈ ಹೆಸರಿಗೆ ಮಾತ್ರ ಕೈ ಹಾಕಬೇಡಿ’ ಎಂದಿದ್ದರು. ಮೂರು ವರ್ಷ ಹಿಡಿಯಿತು, ಸಿಕ್ಕಿದ. ಇದನ್ನು ಬರೆಯುತ್ತಿರುವುದು ಮುಖ್ಯವಾಗಿ ಆ ಗೆಳೆಯರು ಓದಲಿ ಎಂದೇ.

ಮೊದಲು ನಾನೂ ಹೆಸರಿನ ಸೂಚಿಯಲ್ಲೇ ಮುಳುಗಿದೆ. 1910ರ ಜನಗಣತಿಯಲ್ಲಿ ‘ಫೈರ್‌ಮನ್’ ಎಂದು ಬರೆಸಿದವರಲ್ಲಿ ಬಾಯ್ಲರಿಗೆ ಕಲ್ಲಿದ್ದಲು ತುಂಬುವವರೂ ಬೇಕಾದಷ್ಟು. ನಮ್ಮ ರೈಲ್ವೆಯಲ್ಲೂ ಅದೇ ಹೆಸರಿತ್ತಲ್ಲ. ಕೆಲಸ ಎಲ್ಲಿ ಎಂದು ಹೇಳುವ ಪಕ್ಕದ ಕಾಲಂ ನೋಡದೆ ಒಬ್ಬ ಕಲ್ಲಿದ್ದಲಿನವನ ಬೆನ್ನು ಹತ್ತಿ ಆರು ತಿಂಗಳು ಕಳೆದೆ. ಯಾರುಯಾರದೋ ಮರಣಪತ್ರ ತರಿಸಲು ತಲಾ ಹದಿನೈದು ಡಾಲರಿನಂತೆ ಇನ್ನೂರರ ಹತ್ತಿರ ಸುರಿದೆ. 2022ರಲ್ಲಿ ನಗರದ ಪತ್ರಾಗಾರ ಹಳೆಯ ಪತ್ರಗಳನ್ನು ಆನ್‌ಲೈನ್‌ನಲ್ಲಿ ಉಚಿತವಾಗಿಯೇ ತೆರೆದಿಟ್ಟಿತು. ನನ್ನ ಹೆಂಡತಿ ಈ ಮಾತನ್ನು ಇನ್ನೂ ಬಿಟ್ಟಿಲ್ಲ.

ಫೋಟೋದಲ್ಲಿ ಹೆಲ್ಮೆಟ್ಟಿನ ಮುಂದಿನ ಚರ್ಮದ ಬಿಲ್ಲೆಯ ಮೇಲೆ ನೂರರ ಮೇಲಿನ ಒಂದು ಸಂಖ್ಯೆಯಿತ್ತು. ಇಂದು ಬ್ರೂಕ್ಲಿನ್‌ನಲ್ಲಿ ಆ ಸಂಖ್ಯೆ ಇರುವುದು ಏಣಿ ದಳವೊಂದಕ್ಕೆ. ಅದರ ಸುತ್ತ ಒಂದು ಚಳಿಗಾಲವಿಡೀ ವ್ಯರ್ಥವಾಗಿ ಹುಡುಕಿದೆ. 1913ರಲ್ಲಿ ಬ್ರೂಕ್ಲಿನ್‌ನ ಎಂಜಿನ್ ದಳಗಳ, ಅಂದರೆ ನೀರು ಹಾಯಿಸುವ ದಳಗಳ, ಸಂಖ್ಯೆಗೆ ನೂರು ಕೂಡಿಸಿದ್ದರು! ಕೂಡಿಸಿ ನೋಡಿದೆ, ಠಾಣೆ ಸಿಕ್ಕಿತು. ಫೋಟೋ ಅದಕ್ಕಿಂತ ಹಿಂದಿನದೆಂಬುದೂ ಗೊತ್ತಾಯಿತು.

ಇನ್ನು ಮನೆ. ಎರಡು ಪಾಳಿಯ ಪದ್ಧತಿ ಅಲ್ಲಿ ಪೂರ್ತಿಯಾಗಿ ಬಂದದ್ದು 1922ರಲ್ಲಿ. ಅದಕ್ಕೆ ಮೊದಲು ಹಗಲೂ ರಾತ್ರಿ ಠಾಣೆಯಲ್ಲೇ ವಾಸ. ಊಟತಿಂಡಿಗೆಂದು ದಿನಕ್ಕೆ ಮೂರು ಸಲ ಒಂದೊಂದು ಗಂಟೆ ಬಿಡುವು. ಆ ಒಂದು ಗಂಟೆಯಲ್ಲಿ ಹೋಗಿ, ಉಂಡು, ಬರಬೇಕೆಂದರೆ ಮನೆ ಎಷ್ಟು ದೂರವಿದ್ದೀತು? ಠಾಣೆಯನ್ನು ನಡುವಿಟ್ಟು ಕಾಲು ಗಂಟೆ ನಡಿಗೆಯ ವೃತ್ತ ಎಳೆದೆ. ಅದರೊಳಗಿನ ಗಣತಿ ಹಾಳೆಗಳನ್ನು, ನಾನೂರಿರಬಹುದು, ಒಂದೊಂದಾಗಿ ಓದಿದೆ. ತಾತನ ಹೆಸರನ್ನು ನೋಡಲೇ ಇಲ್ಲ. ಹುಡುಕಿದ್ದು ಐದು ವರ್ಷದ ಒಬ್ಬ ಹುಡುಗಿಯನ್ನು, ಅಂದರೆ ಅಜ್ಜಿಯ ತಾಯಿಯನ್ನು. ಮಾಸಿದ ಶಾಯಿ ಓದಲು ನನ್ನದೊಂದು ಉಪಾಯವಿದೆ, ಅದು ನನ್ನಲ್ಲೇ ಇರಲಿ. ಮುನ್ನೂರು ದಾಟಿದ ಮೇಲೆ ಸಿಕ್ಕಳು. ಗಣತಿಯವನು ಮನೆತನದ ಹೆಸರನ್ನು ಕಿವಿಗೆ ಬಿದ್ದಂತೆ ಗೀಚಿದ್ದ. ಸೂಚಿಯಲ್ಲಿ ನೂರು ವರ್ಷ ಹುಡುಕಿದರೂ ಸಿಗುತ್ತಿರಲಿಲ್ಲ.

ಆ ದಾರಿಯನ್ನು ನಾನೇ ನಡೆದು ನೋಡಿದೆ: ಹನ್ನೊಂದು ನಿಮಿಷ. ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು ಮತ್ತೊಮ್ಮೆ ನಡೆದಾಗ ಹದಿನಾಲ್ಕು. ಉಣ್ಣಲು ಅರ್ಧ ಗಂಟೆ ಉಳಿಯುತ್ತದೆ, ನಡುವೆ ಗಂಟೆ ಬಾರಿಸದಿದ್ದರೆ. ದಳದಲ್ಲಿ ಮೊದಲ ದರ್ಜೆಯವನಿಗೆ ಆಗ ವರ್ಷಕ್ಕೆ 1,400 ಡಾಲರಿನ ಆಸುಪಾಸು ಸಂಬಳ. ಆದರೂ ಆ ಮನೆಯಲ್ಲಿ ಇಬ್ಬರು ಬಾಡಿಗೆಯವರಿದ್ದರು.

146 ಮಂದಿ ಸತ್ತ 1911ರ ಟ್ರಯಾಂಗಲ್ ಕಾರ್ಖಾನೆಯ ಬೆಂಕಿಗೆ ತಾತನೂ ಹೋಗಿದ್ದನೆಂದು ಅಜ್ಜಿಯ ಮನೆಯಲ್ಲಿ ಮಾತಿತ್ತು. ಅದು ನಡೆದದ್ದು ನದಿಯಾಚೆ ಮ್ಯಾನ್‌ಹಟ್ಟನ್‌ನಲ್ಲಿ. ಇವನ ದಳ ಹೋಗಿದ್ದಕ್ಕೆ ನನಗೆ ದಾಖಲೆ ಸಿಗಲಿಲ್ಲ. ಬೇಸರಪಟ್ಟುಕೊಳ್ಳುತ್ತಾರೆಂದು ಹೆದರುತ್ತಲೇ ಹೇಳಿದೆ. ಅವರ ಕಣ್ಣು ಹಾಳೆಯ ಬೇರೊಂದು ಕಾಲಂ ಮೇಲಿತ್ತು: ಹೆತ್ತ ಮಕ್ಕಳು 7, ಬದುಕಿರುವವರು 4. ‘ಅಮ್ಮ ಯಾವಾಗಲೂ ನಾವು ನಾಲ್ವರು ಎನ್ನುತ್ತಿದ್ದಳು’ ಎಂದರು.

ಉಳಿದ ಮೂವರಲ್ಲಿ ಇಬ್ಬರ ಹೆಸರು ಸಿಕ್ಕಿದೆ. ಈ ಸಲ ಒಂದು ಡಾಲರೂ ಖರ್ಚಾಗಿಲ್ಲ.