ಕಾರ್ಡಿಂದ ಥಿಯೇಟರ್ ತನಕ: ಸಿನಿಮಾ ಫೈಲ್‌ಗಳನ್ನ ಜೋಪಾನ ಮಾಡೋದು ಹೇಗೆ

ಸಿನಿಮಾ ಶುರು ಮಾಡೋಕೆ ಮುಂಚೆ ಯಾವ ಕ್ಯಾಮೆರಾ, ಯಾವ ಲೆನ್ಸ್ ಅಂತ ವಾರಗಟ್ಟಲೆ ಚರ್ಚೆ ನಡಿಯತ್ತೆ, ಆದ್ರೆ ಶೂಟ್ ಆದ ಫುಟೇಜ್‌ನ ಯಾರು ಕಾಪಿ ಮಾಡ್ತಾರೆ, ಎಲ್ಲಿಡ್ತಾರೆ, ಅದು ಯಾರ ಕೈಯಿಂದ ಯಾರ ಕೈಗೆ ಹೋಗತ್ತೆ ಅನ್ನೋದನ್ನ ಮಾತ್ರ ಸ್ಪಾಟಲ್ಲೇ ನೋಡ್ಕೊಳೋಣ ಅಂತ ಬಿಟ್ಟಿರ್ತಾರೆ. ಸಣ್ಣ ಬಜೆಟ್ ಯೂನಿಟ್‌ಗಳಲ್ಲಿ ಈ ಕೆಲಸ ಹೊಸದಾಗಿ ಸೇರಿದ ಅಸಿಸ್ಟೆಂಟ್ ಡೈರೆಕ್ಟರ್ ತಲೆಗೆ ಬರತ್ತೆ. ಅವರು ಸ್ವಂತ ಲ್ಯಾಪ್‌ಟಾಪ್ ಇಟ್ಕೊಂಡು ಮೂಲೆಲೆಲ್ಲೋ ಕೂತು, ಮಧ್ಯ ಮಧ್ಯ ಕ್ಲಾಪ್ ಹೊಡೆಯೋಕೂ ಓಡ್ತಾ ಕಾಪಿ ಮಾಡ್ತಿರ್ತಾರೆ. ಇಡೀ ಯೂನಿಟ್ಟಿನ ಒಂದು ದಿನದ ದುಡಿಮೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಕಾರ್ಡಲ್ಲಿ ಕೂತಿರತ್ತೆ. ರೀಲಿನ ಕಾಲದಲ್ಲಿ ನೆಗೆಟಿವ್ ಡಬ್ಬ ಲ್ಯಾಬಿಗೆ ಹೋಗ್ತಿತ್ತು, ಲ್ಯಾಬಿನವರು ರಿಪೋರ್ಟ್ ಬರೆದು ಎತ್ತಿಡ್ತಿದ್ರು. ಈಗ ಆ ಕೆಲಸ ನಮ್ಮದೇ. ಕಿರುಚಿತ್ರ, ವೆಬ್ ಸೀರೀಸ್, ಮೊದಲ ಸಿನಿಮಾ ಅಂತ ಹೊರಟಿರೋರಿಗೆ ಅದನ್ನ ಹೇಗೆ ಮಾಡೋದು ಅಂತ ಶುರುವಿಂದ ಹೇಳ್ತೀನಿ.

1. ಕೊನೆಯಿಂದ ಶುರು ಮಾಡಿ

ಶೂಟಿಂಗ್‌ಗೆ ಮುಂಚೆ ಒಂದು ಹಾಳೇಲಿ ಬರೀರಿ, ನಮ್ಮ ಸಿನಿಮಾ ಕೊನೆಗೆ ಎಲ್ಲಿಗೆ ಹೋಗತ್ತೆ ಅಂತ. ಥಿಯೇಟರ್‌ಗಾದ್ರೆ ಸೆಕೆಂಡಿಗೆ 24 ಫ್ರೇಮ್, ತುಂಬಾ ಅಗಲದ ಸ್ಕೋಪ್ ಚಿತ್ರ ಆದ್ರೆ 2048 x 858 ಪಿಕ್ಸೆಲ್, ಅಷ್ಟು ಅಗಲ ಇಲ್ಲದ ಫ್ಲಾಟ್ ಆದ್ರೆ 1998 x 1080. ಟಿವಿ ಸೀರಿಯಲ್‌ಗಾದ್ರೆ ನಮ್ಮಲ್ಲಿ 25 ಫ್ರೇಮ್. ಇಲ್ಲಿ ತುಂಬಾ ಜನ ಬೀಳೋ ಗುಂಡಿ ಯಾವ್ದು ಅಂದ್ರೆ, ಎಷ್ಟೋ ಕ್ಯಾಮೆರಾಗಳ ಮೆನುವಲ್ಲಿ 24 ಅಂತ ಕಾಣೋದು ನಿಜವಾಗ್ಲೂ 24 ಅಲ್ಲ, 23.976. ಅದ್ರಲ್ಲೇ ಶೂಟ್ ಮಾಡಿ ಎಡಿಟ್ ಮಾಡಿ ಆಮೇಲೆ ಥಿಯೇಟರ್‌ಗೆ 24 ಕೊಡಕ್ಕೆ ಹೋದ್ರೆ ಒಂದು ಗಂಟೆಗೆ 3.6 ಸೆಕೆಂಡ್ ವ್ಯತ್ಯಾಸ ಬರತ್ತೆ, ಪಿಕ್ಚರ್ ಒಂದರಲ್ಲಿ ಸೌಂಡ್ ಇನ್ನೊಂದರಲ್ಲಿ ಇದ್ರೆ ತುಟಿ ಅಲ್ಲಾಡೋದಕ್ಕೂ ಮಾತಿಗೂ ಸಂಬಂಧನೇ ಇರಲ್ಲ. ಕ್ಯಾಮೆರಾದವರು, ಸೌಂಡ್ ರೆಕಾರ್ಡಿಸ್ಟ್, ಎಡಿಟರ್, ಡಿಐ (ಒರಿಜಿನಲ್ ಫೈಲ್ ಜೋಡಿಸಿ ಬಣ್ಣ ತಿದ್ದೋ ಕೆಲಸ) ಮಾಡೋರು, ನಾಲ್ಕೂ ಜನ ಆ ಹಾಳೆ ನೋಡಿ ಒಪ್ಪಿಕೊಂಡ ಮೇಲೇನೇ ಕ್ಯಾಮೆರಾ ಬುಕ್ ಮಾಡಿ.

2. ಡಿಸ್ಕ್ ಲೆಕ್ಕ ಬಜೆಟ್ ಶೀಟಲ್ಲೇ ಇರ್ಲಿ

ಆಪಲ್‌ನ ಪ್ರೋರೆಸ್ 422 ಎಚ್‌ಕ್ಯೂ ಅನ್ನೋ ಕೋಡೆಕ್‌ನಲ್ಲಿ (ವಿಡಿಯೋನ ಕುಗ್ಗಿಸಿ ಫೈಲ್ ಮಾಡೋ ವಿಧಾನ) ಅಲ್ಟ್ರಾ ಎಚ್‌ಡಿ 24 ಫ್ರೇಮ್ ಶೂಟ್ ಮಾಡಿದ್ರೆ ಗಂಟೆಗೆ ಸುಮಾರು 318 ಜಿಬಿ. ದಿನಕ್ಕೆ ಎರಡು ಗಂಟೆ ಫುಟೇಜ್ ಅಂದ್ಕೊಳ್ಳಿ, 30 ದಿನಕ್ಕೆ 19 ಟಿಬಿ ಆಯ್ತು. ಮೂರು ಕಾಪಿ ಅಂದ್ರೆ 57 ಟಿಬಿ. ಈ ನಂಬರ್ ಪ್ರೊಡ್ಯೂಸರ್‌ಗೆ ಶೂಟಿಂಗ್ ಮಧ್ಯದಲ್ಲಿ ಹೇಳಿದ್ರೆ ಅವರು ಕಾಪಿ ಕಡಿಮೆ ಮಾಡಿ ಅಂತಾರೆ, ಅದು ಅವರ ತಪ್ಪಲ್ಲ. ಮೊದಲೇ ಹೇಳಿದ್ರೆ ಕ್ಯಾಮೆರಾದಲ್ಲಿ ಯಾವ ಕೋಡೆಕ್ ಅಂತ ಕೂತು ತೀರ್ಮಾನ ಮಾಡ್ಬಹುದು. ಇನ್ನೊಂದು ವಿಷ್ಯ, 4 ಟಿಬಿ ಡ್ರೈವ್ ವಿಂಡೋಸ್ ಕಂಪ್ಯೂಟರಲ್ಲಿ 3.6 ಅಂತ ಕಾಣತ್ತೆ, ಆಮೇಲೆ ಅದನ್ನ ಪೂರ್ತಿ ತುಂಬಿಸೋಕೂ ಹೋಗ್ಬಾರ್ದು, ಸ್ವಲ್ಪ ಜಾಗ ಬಿಟ್ಟೇ ಲೆಕ್ಕ ಹಾಕಿ.

3. ಹೆಸರು ಮತ್ತು ಫೋಲ್ಡರ್

ಸೋನಿಯ ಚಿಕ್ಕ ಕ್ಯಾಮೆರಾಗಳು ಸಾಮಾನ್ಯವಾಗಿ ಕ್ಲಿಪ್‌ಗಳಿಗೆ ಸಿ0001, ಸಿ0002 ಅಂತ ಹೆಸರು ಕೊಡ್ತಾ ಹೋಗ್ತವೆ. ಎರಡು ಕ್ಯಾಮೆರಾ ಇದ್ರೆ ಎರಡರಲ್ಲೂ ಸಿ0001 ಇರತ್ತೆ, ಕಾರ್ಡ್ ಫಾರ್ಮ್ಯಾಟ್ ಆದಾಗ ನಂಬರ್ ಮತ್ತೆ ಒಂದರಿಂದ ಶುರುವಾಗೋ ಸೆಟ್ಟಿಂಗ್ ಇದ್ರೆ ದಿನಾ ಒಂದೊಂದು ಸಿ0001. ಎಡಿಟಿಂಗಲ್ಲಿ ಇದು ಗೊತ್ತಾಗಲ್ಲ, ಡಿಐಗೆ ಹೋಗಿ ಒರಿಜಿನಲ್ ಫೈಲ್ ಜೋಡಿಸುವಾಗ ಹೀರೋ ಕ್ಲೋಸಪ್ ಇರಬೇಕಾದ ಕಡೆ ಬೇರೆ ದಿನದ ಬಸ್ ಸ್ಟಾಂಡ್ ಶಾಟ್ ಬಂದು ಕೂರತ್ತೆ. ಅದಕ್ಕೇ ಮೊದಲ ದಿನ ಬೆಳಿಗ್ಗೆ ಮೆನುಗೆ ಹೋಗಿ ಎ-ಕ್ಯಾಮ್, ಬಿ-ಕ್ಯಾಮ್ ಅಂತ ಬೇರೆ ಬೇರೆ ಹೆಸರು ಹಾಕಿ, ನಂಬರ್ ರೀಸೆಟ್ ಆಗದೇ ಮುಂದುವರಿಯೋ ಹಾಗೆ ಇಡಿ. ಆರಿ, ರೆಡ್ ಕ್ಯಾಮೆರಾಗಳು ರೀಲ್ ನಂಬರ್, ತಾರೀಖು ಸೇರಿಸಿ ತಾವೇ ಹೆಸರು ಕೊಡ್ತವೆ, ಆದ್ರೂ ಎ, ಬಿ ಅಕ್ಷರ ಸರಿಯಾಗಿದ್ಯಾ ನೋಡ್ಕೊಳ್ಳಿ.

ಕ್ಯಾಮೆರಾ ಕೊಟ್ಟ ಹೆಸರನ್ನ ಆಮೇಲೆ ಯಾವತ್ತೂ ಬದಲಾಯಿಸ್ಬೇಡಿ. ಕಾರ್ಡೊಳಗೆ ಇರೋ ಫೋಲ್ಡರ್‌ಗಳನ್ನ ಇದ್ದ ಹಾಗೇ ಪೂರ್ತಿ ಎತ್ಕೊಳ್ಳಿ, ವಿಡಿಯೋ ಫೈಲ್ ಮಾತ್ರ ಆರಿಸಿ ಎಳೀಬೇಡಿ, ಪಕ್ಕದಲ್ಲಿ ಇರೋ ಚಿಕ್ಕ ಚಿಕ್ಕ ಎಕ್ಸ್‌ಎಂಎಲ್ ಫೈಲ್‌ಗಳಲ್ಲಿ ಕ್ಲಿಪ್ಪಿನ ಮಾಹಿತಿ ಇರತ್ತೆ, ರೆಡ್ ಕ್ಯಾಮೆರಾದಲ್ಲಂತೂ ಒಂದು ಶಾಟ್ ನಾಲ್ಕೈದು ತುಂಡಾಗಿ ಒಂದೇ ಫೋಲ್ಡರಲ್ಲಿ ಕೂತಿರತ್ತೆ.

ನೀವು ಮಾಡೋ ಫೋಲ್ಡರ್‌ಗೆ ಮಾತ್ರ ಹೆಸರಿಡಿ: ವರ್ಷ ತಿಂಗಳು ದಿನ ಮೊದಲು (ಉದಾಹರಣೆಗೆ 20250114), ಆಮೇಲೆ ಎಷ್ಟನೇ ದಿನದ ಶೂಟ್, ಕ್ಯಾಮೆರಾ, ಕಾರ್ಡ್ ನಂಬರ್. ಹೀಗಿಟ್ರೆ ತಾವಾಗೇ ಸಾಲಾಗಿ ನಿಲ್ತವೆ. ಸ್ಪೇಸ್ ಬೇಡ, ಅಂಡರ್‌ಸ್ಕೋರ್ ಹಾಕಿ. ಕನ್ನಡದ ಮೇಲೆ ಎಷ್ಟೇ ಪ್ರೀತಿ ಇದ್ರೂ ಫೈಲ್ ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಇರ್ಲಿ. ಯಾಕಂದ್ರೆ 'ಕೇ', 'ಕೊ', 'ಕೋ' ಥರದ ಅಕ್ಷರಗಳ ಸ್ವರಚಿಹ್ನೆಯನ್ನ ಯೂನಿಕೋಡಲ್ಲಿ ಒಂದೇ ಚಿಹ್ನೆಯಾಗಿಯೂ ಬರೀಬಹುದು, ಎರಡು ಮೂರು ಚಿಹ್ನೆ ಜೋಡಿಸಿಯೂ ಬರೀಬಹುದು. ಮ್ಯಾಕ್‌ನ ಹಳೇ ಫೈಲ್ ಸಿಸ್ಟಂ ಅದನ್ನ ಬಿಡಿಸಿ ಇಡತ್ತೆ, ಬೇರೆ ಕಂಪ್ಯೂಟರ್‌ಗಳು ಬಿಡಿಸದೇ ಇಡ್ತವೆ, ಕಣ್ಣಿಗೆ ಒಂದೇ ಥರ ಕಂಡ್ರೂ ಸಾಫ್ಟ್‌ವೇರ್‌ಗೆ ಎರಡು ಬೇರೆ ಹೆಸರು, ಫೈಲ್ ಸಿಗ್ತಿಲ್ಲ ಅನ್ನತ್ತೆ.

4. ಲೊಕೇಶನ್‌ನಲ್ಲಿ ಕಾಪಿ

ಇದೇ ಮುಖ್ಯ, ಇಲ್ಲಿ ಹೋದ್ರೆ ಹೋಯ್ತು.

ಮೊದಲನೇದಾಗಿ ಈ ಕೆಲಸಕ್ಕೆ ಒಬ್ರೇ ಇರ್ಲಿ, ಅವರಿಗೆ ಬೇರೆ ಕೆಲಸ ಹೇಳ್ಬೇಡಿ. ಒಂದು ಟೇಬಲ್, ಒಂದು ಕುರ್ಚಿ, ನೆರಳು, ಒಂದು ಯುಪಿಎಸ್ ಕೊಡಿ, ಅವರ ಸಂಬಳ ಬಜೆಟಲ್ಲಿ ಇರ್ಲಿ. ದೊಡ್ಡ ಸಿನಿಮಾಗಳಲ್ಲಿ ಡಿಐಟಿ (ಡಿಜಿಟಲ್ ಇಮೇಜಿಂಗ್ ಟೆಕ್ನಿಷಿಯನ್) ಅಂತ ಕರೀತಾರೆ, ನಿಮ್ಮಲ್ಲಿ ಹೆಸರು ಏನೇ ಇರ್ಲಿ, ಕ್ಯಾಮೆರಾಮನ್‌ಗೆ ಕೊಡೋ ಮರ್ಯಾದೆ ಇವರಿಗೂ ಸಲ್ಲಬೇಕು ಅಂತ ನಾನು ಮನಸಾರೆ ನಂಬ್ತೀನಿ.

ಯುಪಿಎಸ್ ಯಾಕೆ ಅಂದ್ರೆ, ಊಟದ ಬ್ರೇಕ್ ಅಂತ ಕೂಗಿದ ತಕ್ಷಣ ಡೀಸೆಲ್ ಉಳಿಸೋಕೆ ಜನರೇಟರ್ ಆಫ್ ಮಾಡ್ತಾರೆ. ಲ್ಯಾಪ್‌ಟಾಪ್ ಬ್ಯಾಟರೀಲಿ ಓಡ್ತಾನೇ ಇರತ್ತೆ, ಆದ್ರೆ ಅಡಾಪ್ಟರ್ ಇರೋ ದೊಡ್ಡ ಹಾರ್ಡ್ ಡಿಸ್ಕ್ ಬರೀತಿದ್ದ ಹಾಗೇ ಆರಿಹೋಗತ್ತೆ. ಎಕ್ಸ್‌ಫ್ಯಾಟ್ ಅನ್ನೋ ಫೈಲ್ ಸಿಸ್ಟಂನಲ್ಲಿ ಫಾರ್ಮ್ಯಾಟ್ ಆಗಿರೋ ಡಿಸ್ಕ್ ಆದ್ರೆ ಇಂಥ ಹೊಡೆತ ತಡ್ಕೊಳೋ ಶಕ್ತಿ ಕಮ್ಮಿ, ಆವತ್ತಿನ ಫೋಲ್ಡರ್ ಅಷ್ಟೇ ಅಲ್ಲ ಹಳೇದೂ ತೆರೆಯದೇ ಹೋಗ್ಬಹುದು. ಲೈಟ್‌ಮನ್‌ಗಳಿಗೆ ಮೊದಲೇ ಹೇಳಿಡಿ, ಜನರೇಟರ್ ನಿಲ್ಲಿಸೋಕೆ ಮುಂಚೆ ಡೇಟಾ ಟೇಬಲ್‌ಗೆ ಒಂದು ಮಾತು ಕೇಳಿ ಅಂತ.

ಕ್ಯಾಮೆರಾದಿಂದ ಕಾರ್ಡ್ ಆಚೆ ಬಂದ ತಕ್ಷಣ ಅದರ ಡಬ್ಬಿ ಮೇಲೆ ಕೆಂಪು ಟೇಪ್ ಹಾಕಿ ನಂಬರ್ ಬರೀರಿ, ಕಾಪಿ ಆಗಿ ಚೆಕ್ ಆದ ಮೇಲೆ ಹಸಿರು ಟೇಪ್. ಕೆಂಪು ಇರೋ ಕಾರ್ಡ್‌ನ ಡೈರೆಕ್ಟರೇ ಬಂದು ಕೇಳಿದ್ರೂ ಕೊಡ್ಬಾರ್ದು.

ಕಾಪಿ ಪೇಸ್ಟ್ ಮಾಡ್ಬೇಡಿ. ಅದು ಫೈಲ್ ಸರಿಯಾಗಿ ಬಂತಾ ಅಂತ ಮತ್ತೆ ಓದಿ ನೋಡಲ್ಲ. ಚೆಕ್‌ಸಮ್ ಜೊತೆ ಕಾಪಿ ಮಾಡೋ ಸಾಫ್ಟ್‌ವೇರ್ ಬೇಕು, ಅದು ಕಾರ್ಡಲ್ಲಿರೋ ಪ್ರತಿ ಫೈಲ್‌ನ ಪೂರ್ತಿ ಓದಿ ಒಂದು ಉದ್ದ ಸಂಖ್ಯೆ ಲೆಕ್ಕ ಹಾಕತ್ತೆ, ಡಿಸ್ಕಿಗೆ ಬಂದ ಫೈಲ್‌ಗೂ ಹಾಗೇ ಹಾಕಿ ಎರಡೂ ಒಂದೇನಾ ಅಂತ ನೋಡತ್ತೆ, ಒಂದೇ ಒಂದು ಬಿಟ್ ಬದಲಾಗಿದ್ರೂ ಸಂಖ್ಯೆ ಬೇರೆ ಬರತ್ತೆ. ದುಡ್ಡು ಕೊಡೋ ಹಾಗಿದ್ರೆ ಸಿಲ್ವರ್‌ಸ್ಟ್ಯಾಕ್, ಶಾಟ್‌ಪುಟ್ ಪ್ರೋ, ಆಫ್‌ಶೂಟ್ ಇದಾವೆ. ಇಲ್ಲ ಅಂದ್ರೆ ಡಾವಿಂಚಿ ರಿಸಾಲ್ವ್‌ನ ಉಚಿತ ವರ್ಷನ್‌ನಲ್ಲೇ ಕ್ಲೋನ್ ಟೂಲ್ ಇದೆ. ಯಾವ ಥರದ ಚೆಕ್‌ಸಮ್, ಎಂಡಿ5, ಎಕ್ಸ್‌ಎಕ್ಸ್‌ಹ್ಯಾಶ್ ಅಂತ ಆಯ್ಕೆ ಕೇಳಿದ್ರೆ ಎರಡನೇದು ಬೇಗ ಮುಗಿಯತ್ತೆ. ಕೊನೆಗೆ ಬರೋ ರಿಪೋರ್ಟ್ ಫೈಲ್‌ನ ಫುಟೇಜ್ ಪಕ್ಕದಲ್ಲೇ ಸೇವ್ ಮಾಡಿಡಿ, ವರ್ಷಗಳಾದ ಮೇಲೂ ಅದರ ಕೆಲಸ ಇದೆ.

ಟೈಮ್ ಲೆಕ್ಕ ನೋಡಿ. ಸಾಮಾನ್ಯ ಹಾರ್ಡ್ ಡಿಸ್ಕ್ ಸೆಕೆಂಡಿಗೆ 120 ಎಂಬಿ ಬರೀತು ಅಂದ್ರೆ 512 ಜಿಬಿ ಕಾರ್ಡ್‌ಗೆ ಒಂದು ಗಂಟೆ ಹತ್ತು ನಿಮಿಷ, ಮತ್ತೆ ಓದಿ ಚೆಕ್ ಮಾಡೋಕೆ ಹೆಚ್ಚುಕಮ್ಮಿ ಅಷ್ಟೇ. ಪ್ಯಾಕಪ್ ಆದ ಮೇಲೆ ನಾಲ್ಕು ಕಾರ್ಡ್ ಒಟ್ಟಿಗೆ ಕೈಗೆ ಕೊಟ್ರೆ ಅವರು ಬೆಳಗಿನ ಜಾವದ ತನಕ ಕೂರ್ಬೇಕು, ನಿದ್ದೆಗಣ್ಣಲ್ಲಿ ತಪ್ಪು ಕಾರ್ಡ್ ಅಳಿಸೋದು ಇಂಥ ಹೊತ್ತಲ್ಲೇ. ಬೆಳಿಗ್ಗೆ ಮೊದಲ ಕಾರ್ಡ್ ತುಂಬಿದಾಗ್ಲೇ ಕೆಲಸ ಶುರುವಾಗ್ಲಿ, ಸಾಧ್ಯ ಆದ್ರೆ ಮೊದಲ ಕಾಪಿ ಎಸ್‌ಎಸ್‌ಡಿಗೆ.

ಚೆಕ್‌ಸಮ್ ಸರಿ ಬಂದ್ರೂ ಕಣ್ಣಲ್ಲಿ ನೋಡಿ. ಪ್ರತಿ ಕ್ಲಿಪ್ ಓಪನ್ ಮಾಡಿ ಶುರು, ಮಧ್ಯ, ಕೊನೆ ಓಡಿಸಿ, ಯಾಕಂದ್ರೆ ಕ್ಯಾಮೆರಾದಲ್ಲೇ ಕೆಟ್ಟು ಬಂದಿದ್ರೆ ಕೆಟ್ಟ ಫೈಲೇ ಪಕ್ಕಾ ಕಾಪಿ ಆಗಿರತ್ತೆ. ಕಂಟಿನ್ಯುಟಿ ಶೀಟಲ್ಲಿರೋ ಟೇಕ್‌ಗಳ ಲೆಕ್ಕಕ್ಕೂ ಕ್ಲಿಪ್‌ಗಳ ಲೆಕ್ಕಕ್ಕೂ ತಾಳೆ ನೋಡಿ. ಇದೆಲ್ಲ ಎರಡು ಡಿಸ್ಕಲ್ಲೂ ಮುಗಿದ ಮೇಲೆ ಲಾಗ್ ಬುಕ್ಕಲ್ಲಿ ಬರೆದು, ಕ್ಯಾಮೆರಾ ಅಸಿಸ್ಟೆಂಟ್‌ಗೆ ಬಾಯಲ್ಲೂ ಹೇಳಿ, ಆಗ ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡ್ಬೇಕು, ಲ್ಯಾಪ್‌ಟಾಪಲ್ಲಿ ಅಲ್ಲ.

ಮೂರು ಕಾಪಿ, ಎರಡು ಥರದ ಮೀಡಿಯಾ, ಒಂದು ಬೇರೆ ಜಾಗದಲ್ಲಿ ಅನ್ನೋ 3-2-1 ಲೆಕ್ಕ ಫೋಟೋಗ್ರಾಫರ್ ಪೀಟರ್ ಕ್ರೋ ಅವರಿಂದ ಜನಪ್ರಿಯ ಆಯ್ತು. ನಮ್ಮಲ್ಲಿ ಎರಡು ಡಿಸ್ಕನ್ನೂ ಒಂದೇ ಬ್ಯಾಗಲ್ಲಿ ಹಾಕಿ ಒಂದೇ ಗಾಡೀಲಿ ಕಳಿಸ್ತಾರೆ, ಹಾಗೆ ಮಾಡಿದ್ರೆ ಎರಡು ಕಾಪಿ ಇದ್ದೂ ಒಂದೇ ಲೆಕ್ಕ. ಒಂದು ಮ್ಯಾನೇಜರ್ ಜೊತೆ ಹೋಗ್ಲಿ, ಇನ್ನೊಂದು ಬೇರೆ ಗಾಡೀಲಿ ಎಡಿಟರ್ ಹತ್ರ ಹೋಗ್ಲಿ. ಬ್ಯಾಕಪ್ ಇದೆ ಅನ್ನೋ ನಂಬಿಕೆ ಒಂದೇ ಸಾಲದು, ಪಿಕ್ಸಾರ್‌ನಲ್ಲಿ 1998ರಲ್ಲಿ 'ಟಾಯ್ ಸ್ಟೋರಿ 2' ಫೈಲ್‌ಗಳು ಒಂದು ಕಮಾಂಡಿಂದ ಅಳಿಸಿಹೋದಾಗ ಬ್ಯಾಕಪ್ಪೂ ಸರಿಯಾಗಿ ಕೆಲಸ ಮಾಡ್ತಿರಲಿಲ್ಲ ಅಂತ ಆಗ್ಲೇ ಗೊತ್ತಾಗಿದ್ದು, ಮಗು ಆದ ಮೇಲೆ ಮನೆಯಿಂದ ಕೆಲಸ ಮಾಡ್ತಿದ್ದ ಗ್ಯಾಲಿನ್ ಸುಸ್ಮನ್ ಅವರ ಕಂಪ್ಯೂಟರಲ್ಲಿ ಕಾಪಿ ಇದ್ದಿದ್ದಕ್ಕೆ ಉಳೀತು. ವಾರಕ್ಕೊಂದ್ಸಲ ಬ್ಯಾಕಪ್ ಡಿಸ್ಕ್ ಹಾಕಿ ನಾಲ್ಕು ಕ್ಲಿಪ್ ತೆಗೆದು ನೋಡಿ.

ಸೌಂಡ್ ಕಾರ್ಡ್ ಮರೀಬೇಡಿ. ಸಿಂಕ್ ಸೌಂಡ್ (ಶೂಟಿಂಗ್ ಜಾಗದಲ್ಲೇ ರೆಕಾರ್ಡ್ ಮಾಡಿದ ಮಾತನ್ನೇ ಬಳಸೋದು) ಆದ್ರೆ 48 ಕಿಲೋಹರ್ಟ್ಜ್ 24 ಬಿಟ್ ಫೈಲ್‌ಗಳೂ ಸೌಂಡ್ ರಿಪೋರ್ಟೂ ಆವತ್ತೇ ಫುಟೇಜ್ ಜೊತೆ ಸೇರ್ಬೇಕು. ಡಬ್ಬಿಂಗ್ ಸಿನಿಮಾ ಆದ್ರೂ ಪೈಲಟ್ ಟ್ರ್ಯಾಕ್ (ಡಬ್ಬಿಂಗ್‌ಗೆ ದಾರಿ ತೋರಿಸೋ ಸ್ಪಾಟ್ ಆಡಿಯೋ) ಬೇಕೇ ಬೇಕು.

5. ಎಡಿಟಿಂಗ್‌ಗೆ ಪ್ರಾಕ್ಸಿ

ಒರಿಜಿನಲ್ಲನ್ನ ಲ್ಯಾಪ್‌ಟಾಪಲ್ಲಿ ಎಡಿಟ್ ಮಾಡೋ ಕಷ್ಟ ಬೇಡ. ಅದರ ಹಗುರವಾದ ನಕಲು, ಅಂದ್ರೆ ಎಚ್‌ಡಿ ಪ್ರೋರೆಸ್ ಪ್ರಾಕ್ಸಿ ಮಾಡಿದ್ರೆ ಗಂಟೆಗೆ 16 ಜಿಬಿ ಅಷ್ಟೇ, ಇಡೀ ಸಿನಿಮಾ ಒಂದು ಚಿಕ್ಕ ಎಸ್‌ಎಸ್‌ಡೀಲಿ ಕೂರತ್ತೆ. ಷರತ್ತು ಇಷ್ಟೇ, ಪ್ರಾಕ್ಸಿಯ ಫೈಲ್ ಹೆಸರು, ಟೈಮ್‌ಕೋಡ್ (ಪ್ರತಿ ಫ್ರೇಮ್‌ಗೂ ಇರೋ ಸಮಯದ ನಂಬರ್), ಫ್ರೇಮ್ ರೇಟ್ ಮೂರೂ ಒರಿಜಿನಲ್ ಥರಾನೇ ಇರ್ಬೇಕು. ಮೊದಲ ದಿನದ ಫುಟೇಜಲ್ಲೇ ಹತ್ತು ಶಾಟ್ ಎಡಿಟ್ ಮಾಡಿ ಡಿಐ ಸ್ಟುಡಿಯೋಗೆ ಕಳಿಸಿ, ಒರಿಜಿನಲ್ ಜೊತೆ ಸರಿಯಾಗಿ ಕೂರತ್ತಾ ಅಂತ ಟೆಸ್ಟ್ ಮಾಡ್ಸಿ. ಎಲ್ಲಾ ಮುಗಿದ ಮೇಲೆ ಗೊತ್ತಾಗೋ ತೊಂದರೆ ಆಗ್ಲೇ ಗೊತ್ತಾಗತ್ತೆ.

6. ಲಾಕ್ ಆದ ಮೇಲೆ ಕೈ ಬದಲಾಯಿಸೋದು

ಲಾಕ್ ಅಂದ್ರೆ ಎಡಿಟ್ ಅಂತಿಮ ಆಗೋದು. ಆಮೇಲೆ ಡಿಐಗೆ ಎಕ್ಸ್‌ಎಂಎಲ್ ಅಥವಾ ಎಎಎಫ್ (ಯಾವ ಕ್ಲಿಪ್ ಎಲ್ಲಿಂದ ಎಲ್ಲೀತನಕ ಬಳಸಿದೆ ಅಂತ ಬರೆದಿರೋ ಎಡಿಟ್ ಫೈಲ್), ಜೊತೆಗೆ ಟೈಮ್‌ಕೋಡ್ ಕಾಣೋ ಹಾಗಿರೋ ರೆಫರೆನ್ಸ್ ವಿಡಿಯೋ. ಸ್ಪೀಡ್ ಬದಲಾಯಿಸಿದ, ಜೂಮ್ ಮಾಡಿದ ಶಾಟ್‌ಗಳ ಪಟ್ಟಿ ಬೇರೆ ಬರೆದು ಕೊಡಿ. ಸೌಂಡ್‌ನವರಿಗೆ ಎಎಎಫ್, ಪ್ರತಿ ತುಂಡಿಗೂ ಹಿಂದೆ ಮುಂದೆ ಹ್ಯಾಂಡಲ್ (ಸ್ವಲ್ಪ ಹೆಚ್ಚುವರಿ ಸೌಂಡ್) ಬಿಟ್ಟು, ಮತ್ತೆ ಮೊದಲ ಫ್ರೇಮ್‌ಗೆ ಸರಿಯಾಗಿ ಎರಡು ಸೆಕೆಂಡ್ ಮುಂಚೆ ಒಂದು ಫ್ರೇಮ್ ಉದ್ದದ ಬೀಪ್ ಹಾಕಿ, ಮಿಕ್ಸ್ ವಾಪಸ್ ಬಂದಾಗ ಅದನ್ನ ಪಿಕ್ಚರ್ ಜೊತೆ ಕೂರಿಸೋದು ಆ ಬೀಪ್ ನೋಡ್ಕೊಂಡೇ. ವಿಎಫ್‌ಎಕ್ಸ್‌ಗೆ (ಗ್ರಾಫಿಕ್ಸ್ ಕೆಲಸಕ್ಕೆ) ಇಎಕ್ಸ್‌ಆರ್ ಅನ್ನೋ ಫಾರ್ಮ್ಯಾಟಲ್ಲಿ ಒಂದೊಂದೇ ಫ್ರೇಮ್‌ಗಳು, ನಂಬರ್ 1001ರಿಂದ ಶುರು ಮಾಡೋದು ರೂಢಿ. ವಾಟ್ಸಾಪಲ್ಲಿ ವಿಡಿಯೋ ಅಂತ ಕಳಿಸಿದ್ದನ್ನ ನಂಬಿ ಯಾರೂ ಸಿಂಕ್ ಮಾಡ್ಬಾರ್ದು, ಅದು ಕಂಪ್ರೆಸ್ ಆಗಿರತ್ತೆ.

ಲಾಕ್ ಆದ ಮೇಲೂ ಡೈರೆಕ್ಟರ್ ಹನ್ನೆರಡು ಫ್ರೇಮ್ ತೆಗೆಸ್ತಾರೆ, ತೆಗೆಸ್ಲಿ, ಅದು ಅವರ ಹಕ್ಕು. ಆದ್ರೆ ಎಡಿಟರ್ ಹೊಸ ವರ್ಷನ್ ನಂಬರ್ ಹಾಕಿ, ಎಲ್ಲಿಂದ ಎಷ್ಟು ಫ್ರೇಮ್ ಹೋಯ್ತು ಅಂತ ಬರೆದು ಎಲ್ಲರಿಗೂ ಒಟ್ಟಿಗೆ ಕಳಿಸ್ಬೇಕು. ಫೋನಲ್ಲಿ ಒಬ್ಬರಿಗೆ ಹೇಳಿ ಇನ್ನೊಬ್ಬರಿಗೆ ಬಿಟ್ರೆ ಆರ್‌ಆರ್ (ಹಿನ್ನೆಲೆ ಸಂಗೀತ) ಹಳೇ ವರ್ಷನ್‌ಗೆ ಆಗಿರತ್ತೆ.

7. ಡಿಸಿಪಿ

ಥಿಯೇಟರ್ ಸರ್ವರ್‌ಗೆ ಬೇಕಾಗಿರೋದು ಜೆಪೆಗ್ 2000 ಚಿತ್ರಗಳನ್ನ ಎಂಎಕ್ಸ್‌ಎಫ್ ಅನ್ನೋ ಫೈಲ್ ಒಳಗೆ ಕಟ್ಟಿರೋ ಪ್ಯಾಕೇಜ್, ಅದೇ ಡಿಸಿಪಿ (ಡಿಜಿಟಲ್ ಸಿನಿಮಾ ಪ್ಯಾಕೇಜ್), ಮಾಮೂಲಿ 24 ಫ್ರೇಮಿನ ಸಿನಿಮಾಗೆ ಸೆಕೆಂಡಿಗೆ 250 ಮೆಗಾಬಿಟ್ ಮೀರೋ ಹಾಗಿಲ್ಲ. ಕಿರುಚಿತ್ರದವರು ಉಚಿತವಾಗಿ ಸಿಗೋ ಡಿಸಿಪಿ-ಓ-ಮ್ಯಾಟಿಕ್‌ನಲ್ಲಿ ತಾವೇ ಮಾಡ್ಕೋಬಹುದು. ಒಳಗಿರೋ ಫೈಲ್‌ಗಳನ್ನ ಮುಟ್ಬೇಡಿ, ಪ್ಯಾಕೇಜ್ ಒಳಗೇ ಫೈಲ್‌ಗಳ ಪಟ್ಟಿ, ಅವುಗಳ ಚೆಕ್‌ಸಮ್ ಬರೆದಿರತ್ತೆ, ಏನಾದ್ರೂ ತಿದ್ದಿದ್ರೆ ಸರ್ವರ್ ಲೋಡ್ ಮಾಡಲ್ಲ. ಸೆನ್ಸಾರ್ ಆದ ಮೇಲೆ ಸರ್ಟಿಫಿಕೇಟ್ ಸಿನಿಮಾ ಮುಂದೆ ಸೇರಿಸ್ಬೇಕು, ಕಟ್ ಹೇಳಿದ್ರೆ ಅದೂ ಆಗ್ಬೇಕು, ಹಾಗಾಗಿ ಕೊನೆಯ ಡಿಸಿಪಿ ಆಗೋದು ಆಮೇಲೇನೇ, ರಿಲೀಸ್ ಡೇಟ್ ಹಾಕುವಾಗ ಆ ದಿನಗಳನ್ನ ಇಟ್ಕೊಳ್ಳಿ. ಒಂದ್ಸಲ ನಿಜವಾದ ಥಿಯೇಟರಲ್ಲಿ ಪೂರ್ತಿ ಕೂತು ನೋಡಿ.

8. ರಿಲೀಸ್ ಆದ ಮೇಲೆ

ಮೊದಲ ಕನ್ನಡ ಟಾಕಿ 'ಸತಿ ಸುಲೋಚನ' 1934ರಲ್ಲಿ ಬಂತು, ಅದರ ಪ್ರಿಂಟ್ ಇವತ್ತು ನಮಗೆ ನೋಡೋಕೆ ಇಲ್ಲ. ಇದನ್ನ ನೆನೆಸ್ಕೊಂಡ್ರೆ ನನಗೆ ಸಂಕಟ ಆಗತ್ತೆ, ಮತ್ತೆ ಹಾರ್ಡ್ ಡಿಸ್ಕ್ ಫಿಲಂ ಡಬ್ಬಕ್ಕಿಂತ ಬೇಗ ಕೈ ಕೊಡೋ ವಸ್ತು. ಒರಿಜಿನಲ್ ಫುಟೇಜ್, ಪ್ರಾಜೆಕ್ಟ್ ಫೈಲ್, ಬಳಸಿದ ಫಾಂಟ್, ಅಕ್ಷರ ಇಲ್ಲದ ಗ್ರೇಡೆಡ್ (ಬಣ್ಣ ತಿದ್ದಿದ) ಮಾಸ್ಟರ್, ಎನ್‌ಕ್ರಿಪ್ಟ್ ಆಗದ ಡಿಸಿಪಿ ಇಷ್ಟನ್ನೂ ಎಲ್‌ಟಿಒ ಅನ್ನೋ ಡೇಟಾ ಇಡೋ ಮ್ಯಾಗ್ನೆಟಿಕ್ ಟೇಪ್‌ಗೆ ಹಾಕ್ಸಿ. ಎಲ್‌ಟಿಒ-8 ಟೇಪಲ್ಲಿ 12 ಟಿಬಿ, ಎಲ್‌ಟಿಒ-9ರಲ್ಲಿ 18 ಟಿಬಿ ಹಿಡಿಯತ್ತೆ. ಡ್ರೈವ್ ದುಬಾರಿ, ಕೊಳ್ಳೋದು ಬೇಡ, ಬರೆದುಕೊಡೋ ಸ್ಟುಡಿಯೋಗೆ ಕೊಡಿ. ಹೊಸ ಡ್ರೈವ್‌ಗಳು ಹಳೇ ತಲೆಮಾರಿನ ಟೇಪ್‌ಗಳನ್ನೆಲ್ಲ ಓದಲ್ಲ, ಆದ್ದರಿಂದ ಕೆಲವು ವರ್ಷಕ್ಕೊಮ್ಮೆ ಹೊಸ ಟೇಪ್‌ಗೆ ವರ್ಗಾಯಿಸ್ಬೇಕು. ಟೇಪ್‌ಗೆ ದುಡ್ಡಿಲ್ಲ ಅಂದ್ರೆ ಎರಡು ಬೇರೆ ಕಂಪನಿಯ ಡಿಸ್ಕ್, ಎರಡು ಬೇರೆ ಮನೇಲಿ, ವರ್ಷಕ್ಕೊಮ್ಮೆಯಾದ್ರೂ ಹಾಕಿ ಶೂಟಿಂಗ್ ದಿನದ ಚೆಕ್‌ಸಮ್ ರಿಪೋರ್ಟ್ ಜೊತೆ ತಾಳೆ ನೋಡಿ.

ಮಿಕ್ಸಿಂಗ್ ಸ್ಟುಡಿಯೋಯಿಂದ ಪೂರ್ತಿ ಮಿಕ್ಸ್ ಒಂದೇ ತಂದ್ರೆ ಸಾಲದು, ಮಾತು, ಸಂಗೀತ, ಎಫೆಕ್ಟ್ಸ್ ಬೇರೆ ಬೇರೆ ಟ್ರ್ಯಾಕ್ ಆಗಿ, ಜೊತೆಗೆ ಮಾತಿಲ್ಲದ ಎಂ ಅಂಡ್ ಇ (ಸಂಗೀತ, ಎಫೆಕ್ಟ್ಸ್ ಮಾತ್ರ ಇರೋ) ಟ್ರ್ಯಾಕ್ ಕೇಳಿ ತಗೊಳ್ಳಿ. ನಾಳೆ ತೆಲುಗಿಗೋ ಹಿಂದಿಗೋ ಡಬ್ಬಿಂಗ್ ರೈಟ್ಸ್ ಕೇಳ್ಕೊಂಡು ಬಂದೋರು ಮೊದಲು ಕೇಳೋದೇ ಅದನ್ನ. ಮಿಕ್ಸ್ ಮಾಡಿದ ಸ್ಟುಡಿಯೋದಲ್ಲಿ ಅಷ್ಟು ಹೊತ್ತಿಗೆ ಸೆಷನ್ ಅಳಿಸಿರ್ತಾರೆ, ಆದ್ರಿಂದ ಕೊನೆಯ ಬಿಲ್ ಕಟ್ಟೋ ದಿನವೇ ಡಿಸ್ಕ್ ತಗೊಂಡು ಹೋಗಿ, ಅಲ್ಲೇ ಕೂತು ಪ್ಲೇ ಮಾಡಿ ಕೇಳಿ ಆಮೇಲೆ ಸೈನ್ ಮಾಡಿ.