ಅಟ್ಟದ ಮೇಲಿನ ಲಯನ್ ಕಿಂಗ್ ಕ್ಯಾಸೆಟನ್ನು ಮತ್ತೆ ಆಡಿಸುವುದು ಹೇಗೆ

ಹಳೆಯ ಟಿವಿ ಗೇಮ್ ಕ್ಯಾಸೆಟ್ ಕೆಲಸ ಮಾಡುವುದಿಲ್ಲವೆಂದು ಗುಜರಿಗೆ ಹಾಕುವ ಮುನ್ನ ಒಮ್ಮೆ ಅದರ ಬಾಯಿ ನೋಡಿ. ಮಲ್ಪೆ, ಉಳ್ಳಾಲ, ಪಣಂಬೂರಿನಂಥ ಊರುಗಳ ಉಪ್ಪುಗಾಳಿಗೆ, ಮೇಲಿನಿಂದ ನಾಲ್ಕು ತಿಂಗಳ ಮಳೆಯ ತೇವಕ್ಕೆ ಹೆಚ್ಚಾಗಿ ಕೆಡುವುದು ಒಳಗಿನ ಚಿಪ್ ಅಲ್ಲ, ಅಂಚಿನಲ್ಲಿ ಸಾಲಾಗಿರುವ ಪಿನ್ನುಗಳು. ಅವುಗಳ ಮೇಲೆ ಕಪ್ಪು ಕಲೆ ಇಲ್ಲವೇ ಹಸಿರು ಕಿಲುಬು ಕಂಡರೆ ಸಂತೋಷಪಡಿ, ಅದು ತೆಗೆಯಬಹುದಾದ ಕಾಯಿಲೆ.

ಮೊದಲು ನಿಮ್ಮ ಬಳಿ ಇರುವುದು ಯಾವ ಲಯನ್ ಕಿಂಗ್ ಎಂದು ತಿಳಿಯಬೇಕು. ಪಿನ್ನುಗಳನ್ನು ಎರಡೂ ಬದಿ ಸೇರಿಸಿ ಎಣಿಸಿ. 64 ಇದ್ದರೆ ಸೆಗಾ ಕಂಪನಿಯ ಟಿವಿ ಗೇಮ್ ಯಂತ್ರ (ಕನ್ಸೋಲ್) ಮೆಗಾ ಡ್ರೈವ್‌ನದು. ವೆಸ್ಟ್‌ವುಡ್ ಸ್ಟುಡಿಯೋಸ್ ತಯಾರಿಸಿ 1994ರಲ್ಲಿ ಬಂದ, 10 ಹಂತಗಳ ಪೂರ್ತಿ ಆಟ. 60 ಇದ್ದರೆ ನಮ್ಮ ಕಡೆ ಮನೆಮನೆಯಲ್ಲಿದ್ದ 8-ಬಿಟ್ ಟಿವಿ ಗೇಮ್‌ನದು. ಈ 60 ಪಿನ್ನಿನ ಆವೃತ್ತಿಯಲ್ಲಿ ಕಥಾನಾಯಕ ಸಿಂಹದ ಮರಿ ಸಿಂಬಾ ದೊಡ್ಡವನಾಗುವ ಮೊದಲೇ ಆಟ ಮುಗಿದುಹೋಗುತ್ತದೆ. ಅದು ಕ್ಯಾಸೆಟ್‌ನ ದೋಷವಲ್ಲ, ಆಟವನ್ನೇ ಮೊಟಕು ಮಾಡಿದ್ದು.

ತೊಳೆಯಲು ಬೇಕಾದದ್ದು 90 ಶೇಕಡಾಕ್ಕಿಂತ ಗಟ್ಟಿಯಾದ ಐಸೊಪ್ರೊಪೈಲ್ ಆಲ್ಕೋಹಾಲ್, ಕಿವಿಗೆ ಹಾಕುವ ಹತ್ತಿಕಡ್ಡಿ 8–10, ಬಿಳಿ ಪೆನ್ಸಿಲ್ ರಬ್ಬರ್ ಒಂದು. ಮಂಗಳೂರಿನ ಹಂಪನಕಟ್ಟೆ ಸುತ್ತಿನ ಬಿಡಿಭಾಗದ ಅಂಗಡಿಗಳಲ್ಲಿ ಅಥವಾ ಮೊಬೈಲ್ ರಿಪೇರಿಯವರ ಬಳಿ ಐಪಿಎ ಎಂದು ಕೇಳಿ. ಸ್ಯಾನಿಟೈಸರ್ ಬೇಡವೇ ಬೇಡ, ಅದರಲ್ಲಿರುವ ಗ್ಲಿಸರಿನ್ ಪಿನ್ನಿನ ಮೇಲೆ ಅಂಟಾಗಿ ಉಳಿದು ಧೂಳು ಹಿಡಿಯುತ್ತದೆ.

ಕಡ್ಡಿಯನ್ನು ಅದ್ದಿ, ಹನಿ ಬೀಳದಷ್ಟು ಹಿಂಡಿ, ಪಿನ್ನಿನ ಉದ್ದಕ್ಕೆ ಮೇಲಿನಿಂದ ಕೆಳಗೆ ಒರೆಸಿ. ಅಡ್ಡಡ್ಡ ಉಜ್ಜಿದರೆ ಕೊಳೆ ಒಂದರಿಂದ ಇನ್ನೊಂದಕ್ಕೆ ಹೋಗುತ್ತದೆ, ಅಷ್ಟೆ. ಹತ್ತಿ ಕಪ್ಪಾದ ಕೂಡಲೇ ಕಡ್ಡಿ ಬದಲಿಸಿ. ಬೆಳ್ಳಗೆ ಬರುವ ತನಕ ಬಿಡಬೇಡಿ. ಆಮೇಲೂ ಕಲೆ ಉಳಿದರೆ ಮಾತ್ರ ರಬ್ಬರಿನಿಂದ ಹಗುರವಾಗಿ ನಾಲ್ಕೈದು ಸಲ ಎಳೆದು, ಪುಡಿಯನ್ನು ಪೂರ್ತಿ ಒರೆಸಿ. ಹಸಿರು ಕಿಲುಬು ಗಟ್ಟಿಯಾಗಿದ್ದರೆ ಬಿಳಿ ವಿನೆಗರ್‌ನಲ್ಲಿ ಅದ್ದಿದ ಕಡ್ಡಿಯನ್ನು ಒಂದು ನಿಮಿಷ ಒತ್ತಿ ಹಿಡಿದು, ತಕ್ಷಣ ಆಲ್ಕೋಹಾಲ್‌ನಿಂದ ಒರೆಸಿ, ಇಲ್ಲವಾದರೆ ಆಮ್ಲವೇ ತಾಮ್ರವನ್ನು ತಿನ್ನಲು ಶುರು ಮಾಡುತ್ತದೆ. ಮರಳುಕಾಗದ ಮುಟ್ಟಿಸಲೇಬೇಡಿ. ಚಿನ್ನದ ಲೇಪ ಕೂದಲೆಳೆಗಿಂತಲೂ ತೆಳು. ಅದು ಹೋದರೆ ಮುಂದಿನ ಮಳೆಗಾಲಕ್ಕೆ ಇನ್ನೂ ಬೇಗ ಕಿಲುಬು ಹಿಡಿಯುತ್ತದೆ. ಬಾಯಿಯಿಂದ ಊದುವ ಹಳೆಯ ಚಾಳಿಯನ್ನೂ ಬಿಡಿ, ಉಸಿರಿನ ತೇವವೇ ಶತ್ರು.

ಇಷ್ಟಾದ ಮೇಲೂ ಬರೀ ಒಂದೇ ಬಣ್ಣದ ಪರದೆ ಬಂದರೆ ಕನ್ಸೋಲ್‌ನ ಕಿಂಡಿಯನ್ನು ನೋಡಿ. ಹಳೆಯ ಗುರುತಿನ ಚೀಟಿಯಂಥ ಗಟ್ಟಿ ಕಾರ್ಡಿಗೆ ಎಳೆ ಬಿಡದ ಬಟ್ಟೆ ಸುತ್ತಿ, ಆಲ್ಕೋಹಾಲ್ ಹಚ್ಚಿ, ಹತ್ತು ಸಲ ಒಳಗೆ ಹೊರಗೆ ಮಾಡಿ. 60 ಪಿನ್ನಿನದರಲ್ಲಿ ಇನ್ನೊಂದು ಲಕ್ಷಣ ಗಮನಿಸಿ. ಸಂಗೀತ ಸರಿಯಾಗಿ ಕೇಳಿಸಿ ಚಿತ್ರ ಮಾತ್ರ ಚೂರುಚೂರಾಗಿ ಕಲಸಿಹೋಗಿದ್ದರೆ ಆಟದ ಲೆಕ್ಕ ಸರಿ ನಡೆಯುತ್ತಿದೆ ಎಂದರ್ಥ. ಇವುಗಳಲ್ಲಿ ಸಾಮಾನ್ಯವಾಗಿ ಚಿತ್ರದ ಚಿಪ್ಪಿಗೆ ಬೇರೆಯೇ ಪಿನ್ನುಗಳಿರುತ್ತವೆ, ತೊಂದರೆ ಅಲ್ಲಿ.

ಅಡಾಪ್ಟರ್ ಕಳೆದುಹೋಗಿದ್ದರೆ ಸಿಕ್ಕಿದ್ದನ್ನು ಚುಚ್ಚಬೇಡಿ. ಕಿಂಡಿಯ ಬಳಿ ವೋಲ್ಟ್ ಜತೆಗೆ ನಡುವಿನ ಕಡ್ಡಿ ಪ್ಲಸ್ಸೋ ಮೈನಸ್ಸೋ ಎಂದು ಗುರುತಿರುತ್ತದೆ. ಮೊದಲ ಮಾದರಿಯ ಮೆಗಾ ಡ್ರೈವ್‌ಗೆ ನಡು ಮೈನಸ್, ಎರಡನೆಯದಕ್ಕೆ ನಡು ಪ್ಲಸ್.

ಹೊಸ ಟಿವಿಗೆ ಎವಿಯಿಂದ ಎಚ್‌ಡಿಎಂಐಗೆ ಬದಲಿಸುವ ಸಣ್ಣ ಡಬ್ಬಿ ಸಾಕು. ಆದರೆ ಟಿವಿಯ ಸೆಟ್ಟಿಂಗ್‌ನಲ್ಲಿ ಗೇಮ್ ಮೋಡ್ ಹಾಕಲೇಬೇಕು. ಟಿವಿ ಚಿತ್ರವನ್ನು ನುಣುಪು ಮಾಡಲು 100 ಮಿಲಿಸೆಕೆಂಡ್ ತೆಗೆದುಕೊಂಡರೂ ಸೆಕೆಂಡಿಗೆ 60 ಚೌಕಟ್ಟು ಓಡುವ ಆಟದಲ್ಲಿ ಆರು ಚೌಕಟ್ಟು ಹಿಂದೆ ಬಿದ್ದಂತೆ. ಹಾರಿದ್ದೇನೆ ಎಂದುಕೊಳ್ಳುವ ಹೊತ್ತಿಗೆ ಸಿಂಬಾ ಗುಂಡಿಯಲ್ಲಿರುತ್ತಾನೆ. ಕೈ ಜಡವಾಯಿತೆಂದು ಬೇಸರಿಸುವವರಲ್ಲಿ ಅನೇಕರ ಕೈ ಚೆನ್ನಾಗಿಯೇ ಇದೆ, ತಡವಾಗುವುದು ಟಿವಿಯಿಂದ. ಪೆಟ್ಟು ತಿಂದು ಮಿನುಗುವ ಸಿಂಬಾ ಪೂರ್ತಿ ಮಾಯವಾದರೆ ಡಬ್ಬಿ ಚೌಕಟ್ಟುಗಳನ್ನು ತಪ್ಪಾಗಿ ಜೋಡಿಸುತ್ತಿದೆ, ಬೇರೆ ಡಬ್ಬಿ ಹಾಕಿ ನೋಡಿ. ಚಿತ್ರ ಕಪ್ಪುಬಿಳುಪಾದರೆ ಟಿವಿಯಲ್ಲಿ ಅಥವಾ ಡಬ್ಬಿಯಲ್ಲಿ ಪಾಲ್, ಎನ್‌ಟಿಎಸ್‌ಸಿ ಎಂಬ ಬಣ್ಣದ ಪದ್ಧತಿ ಬದಲಿಸಿ.

ಇನ್ನು ಆಟ. ಮೊದಲ ಹಂತದ ಮುಳ್ಳುಹಂದಿಯ ಮೇಲೆ ನೇರ ಹಾರಬೇಡಿ. ಗರ್ಜನೆಯ ಪಟ್ಟಿ ತುಂಬುವ ತನಕ ಕಾದು ಗರ್ಜಿಸಿದರೆ ಅದು ಅಂಗಾತ ಬೀಳುತ್ತದೆ, ಆಗ ಹಾರಿ. ಕೊನೆಯ ಕತ್ತೆಕಿರುಬವನ್ನು ಓಡಾಡಿಸಿ ದಣಿಸಿ, ನಾಲಗೆ ಚಾಚಿ ಏದುಸಿರು ಬಿಡುವಾಗ ಮಾತ್ರ ಮೇಲೆ ಬೀಳಿ.

ನಿಜವಾದ ಗೋಡೆ ಎರಡನೆಯ ಹಂತ. ಆಟ ಬಾಡಿಗೆಗೆ ತಂದವರು ಒಂದೆರಡು ದಿನದಲ್ಲಿ ಮುಗಿಸಿ ಹಿಂದಿರುಗಿಸದಿರಲಿ ಎಂದೇ ಇದನ್ನು ಕಷ್ಟ ಮಾಡಿದರೆಂದು ವೆಸ್ಟ್‌ವುಡ್‌ನ ಲೂಯಿ ಕ್ಯಾಸಲ್ ಹೇಳಿದ್ದಾರೆ. ಹಾಗಾಗಿ ಸೋತರೆ ನಾಚಿಕೆ ಬೇಡ. ಇಲ್ಲಿ ಮಂಗಗಳು ಸಿಂಬಾನನ್ನು ಒಂದರಿಂದ ಇನ್ನೊಂದಕ್ಕೆ ಎಸೆಯುತ್ತವೆ. ಗುಲಾಬಿ ಮಂಗಗಳೆದುರು ಗರ್ಜಿಸಿದರೆ ಅವು ತಿರುಗಿ ನಿಲ್ಲುತ್ತವೆ, ಎಸೆಯುವ ದಿಕ್ಕೂ ಬದಲಾಗುತ್ತದೆ. ಒಟ್ಟಿಗೆ ಎಲ್ಲವನ್ನೂ ತಿರುಗಿಸಿದರೆ ಮತ್ತೆ ಹೊರಟಲ್ಲಿಗೇ ಬರುತ್ತೀರಿ. ಒಂದನ್ನು ತಿರುಗಿಸಿ, ಎಸೆಸಿಕೊಂಡು ಎಲ್ಲಿ ಬಿದ್ದಿರೆಂದು ನೋಡಿ, ಆಮೇಲೆ ಇನ್ನೊಂದು. ಚೀಟಿಯಲ್ಲಿ ಬಾಣ ಗುರುತು ಹಾಕಿಕೊಂಡರೆ ಅರ್ಧ ಗಂಟೆ ಉಳಿಯುತ್ತದೆ.

ಉಷ್ಟ್ರಪಕ್ಷಿ ಸವಾರಿಯಲ್ಲಿ ಕೆಳಗಿನ ಅಡ್ಡಿಗೆ ಹಾರಿ, ಮೇಲಿನದಕ್ಕೆ ತಲೆ ತಗ್ಗಿಸಿ. ಒಂದು ಒತ್ತಿಗೆ ಹಕ್ಕಿ ಹಾರುತ್ತದೆ, ಗಾಳಿಯಲ್ಲಿರುವಾಗ ಇನ್ನೊಂದು ಒತ್ತಿದರೆ ಸಿಂಬಾ ಅದರ ಬೆನ್ನಿನಿಂದ ಮೇಲಕ್ಕೆ ಜಿಗಿಯುತ್ತಾನೆ. ಎರಡನೆಯದನ್ನು ಅವಸರದಲ್ಲಿ ಒತ್ತುವುದೇ ಇಲ್ಲಿ ಹೆಚ್ಚಿನವರು ಮಾಡುವ ತಪ್ಪು.

ಕೊನೆಯ ಎದುರಾಳಿ ಸ್ಕಾರ್ ಪರಚಿದ್ದಕ್ಕೆ ಸಾಯುವುದಿಲ್ಲ. ದಣಿಸಿ, ಬಂಡೆಯ ಅಂಚಿಗೆ ತಂದು, ಹಿಡಿದು ಎಸೆಯಬೇಕು. ಆ ಎಸೆತವನ್ನು ಹಿಂದಿನ ಹಂತದ ಕತ್ತೆಕಿರುಬಗಳ ಮೇಲೆಯೇ ಅಭ್ಯಾಸ ಮಾಡಿಕೊಳ್ಳಿ.

ಕ್ಯಾಸೆಟ್ ನಿಜಕ್ಕೂ ಸತ್ತಿದ್ದರೆ 2019ರಲ್ಲಿ ಡಿಜಿಟಲ್ ಎಕ್ಲಿಪ್ಸ್ ತಂದ ಅಲ್ಲಾದೀನ್, ಲಯನ್ ಕಿಂಗ್ ಜೋಡಿ ಸಂಗ್ರಹವಿದೆ. ತಪ್ಪಿದಲ್ಲಿಂದ ಹಿಂದಕ್ಕೆ ಸರಿಸುವ ಸೌಕರ್ಯ ಅದರಲ್ಲಿದೆ, ಮಕ್ಕಳಿಗೆ ಕಲಿಸಲು ಅದೇ ಒಳ್ಳೆಯದು.

ಆಡಿದ ಮೇಲೆ ಕ್ಯಾಸೆಟನ್ನು ಕನ್ಸೋಲ್‌ನಲ್ಲೇ ಬಿಡಬೇಡಿ. ಹಪ್ಪಳ ಇಡುವಂಥ ಗಾಳಿಯಾಡದ ಡಬ್ಬಿಯಲ್ಲಿ ಎರಡು ಸಿಲಿಕಾ ಜೆಲ್ ಪೊಟ್ಟಣದ ಜತೆ ಮುಚ್ಚಿಡಿ. ಅಕ್ಕಿಯಲ್ಲಿ ಹುಗಿಯಬೇಡಿ, ಅದರ ಹುಡಿ ಪಿನ್ನಿಗೆ ಮೆತ್ತುತ್ತದೆ. ಜೂನ್‌ಗೆ ಮೊದಲು ಒಮ್ಮೆ, ಆಟಿ ತಿಂಗಳು (ಜುಲೈ–ಆಗಸ್ಟ್) ಕಳೆದ ಮೇಲೆ ಒಮ್ಮೆ ಪೊಟ್ಟಣ ಬದಲಿಸಿ.